ನನ್ನ ಗಂಟಲು ಪರದೇಶಕ್ಕೆ ಹೋದದ್ದು

ಇವತ್ತು ಬೆಳಿಗ್ಗೆ ನಮ್ಮನೆಯವರಿಗೆಂದು ಬಿಸಿನೀರಿಗೆ ನಿಂಬೆಹಣ್ಣು ಹಿಂಡಿ, ಜೇನುತುಪ್ಪ ಹಾಕೋಣವೆಂದು ಬಾಟಲಿ ಬಗ್ಗಿಸಿದರೆ ಒಂದು ತೊಟ್ಟೂ ಬೀಳಲಿಲ್ಲ. ತಳದಲ್ಲಿ ಗಟ್ಟಿಯಾಗಿ ಕೂತುಬಿಟ್ಟಿತ್ತು. ಚಮಚದಿಂದ ಕೆರೆದೆ. ಘಮ್ಮೆಂದು ಒಂದು ವಾಸನೆ ಬಂತು. ನಮ್ಮ ಕಡೆಯ ಹೊಂಗೆ ಹೂವಿನ ಜೇನಿಗೆ ಇಲ್ಲದ ಒಂದು ಒಗರು ಅದರಲ್ಲಿದೆ. ಸ್ಕಾಟ್ಲೆಂಡಿನ ಬೋಳು ಗುಡ್ಡಗಳ ಮೇಲೆ ನೇರಳೆ ಬಣ್ಣದ ಕುರುಚಲು ಹೂವು ಬಿಡುತ್ತದಂತೆ, ಇದು ಅದರ ಜೇನು. "ಖಾಲಿ ಆಯ್ತಲ್ಲ, ಬಾಟಲಿ ಬಿಸಾಕು" ಎಂದರು ನಮ್ಮನೆಯವರು. ನಾನು ಬಿಸಾಕದೆ ಮತ್ತೆ ಮತ್ತೆ ಮೂಸುತ್ತಾ ನಿಂತೆ. ನಿಮ್ಮ ಹತ್ತಿರ ಮುಚ್ಚುಮರೆ ಯಾಕೆ? ಅದು ನಾನು ಹೇಳಿದ ಒಂದು ಸುಳ್ಳಿಗೆ ಸಿಕ್ಕ ಜೇನು. ಐವತ್ತೊಂದನೆಯ ವಯಸ್ಸಿನಲ್ಲಿ ಮೊದಲ ಸಲ ವಿಮಾನ ಹತ್ತಿ, ಅಷ್ಟು ದೂರ ಹೋಗಿ, ಅಲ್ಲಿಯ ಒಳ್ಳೆಯ ಜನರ ಮುಂದೆ ಸುಳ್ಳು ಹೇಳಿ ಬಂದ ಹೆಂಗಸು ನಾನು. ಇಷ್ಟು ಹೇಳಿದ ಮೇಲೆ ಪೂರ್ತಿ ಹೇಳದಿದ್ದರೆ ನೀವು ಬಿಡುವುದಿಲ್ಲ.

ನಾನು ಕಥೆ ಬರೆಯುವವಳು. ಮೂರು ಪುಸ್ತಕ ಆಗಿವೆ. ನೀವು ಓದಿರಲಿಕ್ಕಿಲ್ಲ, ಅದಕ್ಕೆ ನನಗೇನೂ ಬೇಜಾರಿಲ್ಲ. ನನ್ನ ಒಡಹುಟ್ಟಿದ ಅಣ್ಣನೇ ಓದಿಲ್ಲ. ಹೊಟ್ಟೆಪಾಡಿಗೆ ಮದ್ದೂರಿನ ಒಂದು ಕಾಲೇಜಿನಲ್ಲಿ ಲೈಬ್ರರಿಯನ್. ಮಂಡ್ಯದ ಮನೆಯಿಂದ ದಿನಾ ರೈಲಿನಲ್ಲಿ ಹೋಗಿ ಬರುತ್ತೇನೆ. "ಸದ್ದು ಮಾಡಬೇಡಿ" ಎಂಬ ಬೋರ್ಡಿನ ಕೆಳಗೆ ಇಪ್ಪತ್ತಾರು ವರ್ಷ ಕೂತಿದ್ದೇನೆ. ಹುಡುಗ ಹುಡುಗಿಯರು ಆ ಬೋರ್ಡನ್ನು ಕ್ಯಾರೇ ಅನ್ನುವುದಿಲ್ಲ. ಅದನ್ನು ಚಾಚೂ ತಪ್ಪದೆ ಪಾಲಿಸಿದವಳು ನಾನೊಬ್ಬಳೇ. ನನ್ನ ದನಿ ಅಷ್ಟು ಸಣ್ಣದು. ತರಕಾರಿಯವನ ಹತ್ತಿರ ಕೊತ್ತಂಬರಿ ಸೊಪ್ಪು ಕೇಳಿದರೆ ಅವನು ಎರಡು ಸಲ "ಆಂ?" ಅನ್ನುತ್ತಿದ್ದ, ಮೂರನೆಯ ಸಲಕ್ಕೆ ನಾನು ಬೆರಳು ತೋರಿಸುತ್ತಿದ್ದೆ. ನನ್ನ ಎರಡನೆಯ ಪುಸ್ತಕದ ಬಗ್ಗೆ ಪತ್ರಿಕೆಯಲ್ಲಿ ಬರೆದವರೊಬ್ಬರು "ಮೆಲುದನಿಯ ಲೇಖಕಿ" ಎಂದರು. ಪಾಪ, ಅವರು ಹೇಳಿದ್ದು ಕಥೆಗಳ ಬಗ್ಗೆ. ನಾನು ಅದನ್ನು ಗಂಟಲಿಗೆ ಕೊಟ್ಟ ಸರ್ಟಿಫಿಕೇಟು ಎಂದುಕೊಂಡು ಅಂದಿನಿಂದ ಇನ್ನೂ ಮೆಲ್ಲಗೆ ಮಾತಾಡತೊಡಗಿದೆ.

ಮೂರು ವರ್ಷದ ಹಿಂದೆ ಮಂಡ್ಯದಲ್ಲಿ ನನಗೊಂದು ಸನ್ಮಾನ ಆಯಿತು. ಶಾಲು ಹೊದಿಸಿದರು, ಪೇಟ ತೊಡಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ಪೇಟ ದೊಡ್ಡದಾಗಿ ಹುಬ್ಬಿನವರೆಗೆ ಇಳಿದಿತ್ತು. ಆಮೇಲೆ "ಎರಡು ಮಾತು" ಎಂದು ಮೈಕಿನ ಮುಂದೆ ನಿಲ್ಲಿಸಿದರು. ನಾನು ಬರೆದುಕೊಂಡು ಹೋಗಿದ್ದೆ. ಮೊದಲ ವಾಕ್ಯ ಓದಿದೆ. ನನಗೇ ಕೇಳಿಸಲಿಲ್ಲ. ನಮ್ಮ ಮಂಡ್ಯದವರ ಸಂಗತಿ ನಿಮಗೆ ಗೊತ್ತಲ್ಲ, ಮನಸ್ಸಿನಲ್ಲಿ ಇಟ್ಟುಕೊಳ್ಳುವ ಪೈಕಿ ಅಲ್ಲ. ಹಿಂದಿನ ಸಾಲಿನಿಂದ ಒಬ್ಬರು ಎದ್ದು ನಿಂತು, "ಏನೂ ಕೇಳುಸ್ತಾ ಇಲ್ಲ ಕಣಮ್ಮೋ! ವಸಿ ಬಾಯ್ಬುಟ್ಟು ಮಾತಾಡು!" ಎಂದರು. ಅವರದೇನೂ ತಪ್ಪಿಲ್ಲ. ಆದರೆ ನಾನು ಬರೆದುಕೊಂಡು ಹೋಗಿದ್ದ ಹಾಳೆಯನ್ನು ಅಲ್ಲಿಗೇ ಮಡಚಿದೆ. ನಮಸ್ಕಾರ ಅಂದವಳೇ ಬಂದು ಕುರ್ಚಿಯಲ್ಲಿ ಕೂತೆ. ಪೇಟ ಇಳಿದಿದ್ದದ್ದು ಒಳ್ಳೆಯದೇ ಆಯಿತು, ಕಣ್ಣು ಯಾರಿಗೂ ಕಾಣಲಿಲ್ಲ. ಅವತ್ತಿನಿಂದ ಯಾವ ಸಭೆಗೂ ಹೋಗಲಿಲ್ಲ. ಕರೆದವರಿಗೆಲ್ಲ ಮನೆಯಲ್ಲಿ ನೆಂಟರಿದ್ದಾರೆ ಎಂದು ಹೇಳಿ ಹೇಳಿ, ನಮ್ಮ ಮನೆ ಛತ್ರವೇನೋ ಅನ್ನುವ ಹಾಗೆ ಆಗಿತ್ತು.

ಇಂಥವಳಿಗೆ ಕಳೆದ ಮಳೆಗಾಲದಲ್ಲಿ ಸ್ಕಾಟ್ಲೆಂಡಿನಿಂದ ಈಮೇಲ್ ಬಂತು. ಸಮುದ್ರದ ದಂಡೆಯ ಒಂದು ಸಣ್ಣ ಊರು. ಹೆಸರು ಹೇಳಲಾರೆ, ಆ ಹೆಸರು ನನ್ನ ನಾಲಿಗೆಗೆ ಇನ್ನೂ ಒಗ್ಗಿಲ್ಲ. ಅಲ್ಲಿಯ ಲೈಬ್ರರಿಯವರು ವರ್ಷಕ್ಕೊಮ್ಮೆ ಬೇರೆ ಬೇರೆ ದೇಶದ ನಾಲ್ಕೈದು ಜನ ಬರಹಗಾರರನ್ನು ಕರೆಸಿ ಕಥೆ ಓದಿಸುತ್ತಾರೆ. ನಡೆಸುವಾಕೆ ಮೊಯ್ರಾ ಎಂಬ ನಿವೃತ್ತ ಮೇಷ್ಟ್ರಮ್ಮ. ನನ್ನ ಒಂದು ಕಥೆಯನ್ನು ಮೈಸೂರಿನ ಅಧ್ಯಾಪಕರೊಬ್ಬರು ಇಂಗ್ಲಿಷಿಗೆ ಮಾಡಿದ್ದರು, ಅದನ್ನು ಈಕೆ ಎಲ್ಲಿಯೋ ಓದಿದ್ದರು. ನಾಲೆಯ ಏರಿಯ ಮೇಲೆ ನಿಂತು, ಸತ್ತುಹೋದ ಗಂಡನನ್ನು ಅಭ್ಯಾಸಬಲದಿಂದ ಕೂಗುವ ಒಬ್ಬ ರೈತ ಹೆಂಗಸಿನ ಕಥೆ ಅದು. ಮೊಯ್ರಾ ಬರೆದಿದ್ದರು: "ಇಂಗ್ಲಿಷಿನಲ್ಲಿ ನಾನು ಓದುತ್ತೇನೆ. ಆದರೆ ಮೊದಲು ನೀವು ನಿಮ್ಮ ಭಾಷೆಯಲ್ಲಿ ಓದಬೇಕು. ನಮ್ಮೂರಿನವರು ಯಾರೂ ಕನ್ನಡ ಕೇಳಿಲ್ಲ. ಅದು ಹೇಗೆ ಕೇಳಿಸುತ್ತದೆ ಎಂದು ತಿಳಿಯುವ ಆಸೆ."

ಹೋಗುವ ಆಸೆ ನನಗೂ ಇತ್ತು. ಸುಳ್ಳು ಯಾಕೆ ಹೇಳಲಿ, ಬೆಟ್ಟದಷ್ಟಿತ್ತು. ಆದರೆ ಓದಬೇಕಲ್ಲ? ಎರಡು ದಿನ ಯೋಚಿಸಿದೆ. ಮೂರನೆಯ ದಿನ ಲೈಬ್ರರಿಯಲ್ಲಿ ಕೂತು ಒಂದೇ ಬೆರಳಿನಲ್ಲಿ ಕುಟ್ಟಿದೆ: ಬರಲು ಬಹಳ ಸಂತೋಷ, ಆದರೆ ನನಗೆ ಗಂಟಲಿನ ತೊಂದರೆ ಇದೆ, ಜೋರಾಗಿ ಓದಬಾರದೆಂದು ಡಾಕ್ಟರು ಹೇಳಿದ್ದಾರೆ, ಎಲ್ಲವನ್ನೂ ನೀವೇ ಓದಿ, ನಾನು ಪಕ್ಕದಲ್ಲಿ ಕೂತಿರುತ್ತೇನೆ. ಹತ್ತು ನಿಮಿಷದಲ್ಲಿ ಉತ್ತರ ಬಂತು. ಅಯ್ಯೋ ಪಾಪ, ಖಂಡಿತ ಹಾಗೇ ಮಾಡೋಣ, ಗಂಟಲು ಚೆನ್ನಾಗಿ ನೋಡಿಕೊಳ್ಳಿ. ಪರೀಕ್ಷೆ ರದ್ದಾದ ವಿದ್ಯಾರ್ಥಿಯ ಹಾಗೆ ನನಗೆ ಕುಣಿಯುವಷ್ಟು ಖುಷಿಯಾಯಿತು.

ನನ್ನ ಅತ್ತಿಗೆಗೆ ಮಾತ್ರ ಈ ಏರ್ಪಾಟು ಹಿಡಿಸಲಿಲ್ಲ. ಅತ್ತಿಗೆ ಮಳವಳ್ಳಿ ಕಡೆಯವಳು, ಭಾರತೀನಗರದ ಹತ್ತಿರದ ನಮ್ಮ ಊರಿಗೆ ಸೊಸೆಯಾಗಿ ಬಂದು ಮೂವತ್ತು ವರ್ಷವಾದರೂ ಅವಳ ಬಾಯಿ ಒಂದಿಷ್ಟೂ ಮೆತ್ತಗಾಗಿಲ್ಲ. ಹುಚ್ಚೆಳ್ಳು ಚಟ್ನಿಪುಡಿ ಕುಟ್ಟಿಕೊಂಡು ಬಂದವಳು ಡಬ್ಬಿಯ ಮುಚ್ಚಳ ಬಿಗಿಯುತ್ತಾ, "ಅಲ್ಲ ಕಣವ್ವ, ಅಷ್ಟು ದೂರ ಓಗಿ ಬಾಯ್ ಮುಚ್ಕೊಂಡು ಕೂತಿದ್ದು ಬತ್ತೀನಿ ಅಂತೀಯಲ್ಲ, ಅದುಕ್ಕೆ ಇಮಾನ ಯಾಕೆ? ನಮ್ಮನೆ ಜಗಲಿ ಸಾಲ್ದಾ?" ಎಂದಳು.

"ಗಂಟಲು ಸರಿಯಿಲ್ಲ ಅತ್ತಿಗೆ."

"ಗಂಟ್ಲಿಗೇನಾಗದೆ ನಿಂಗೆ? ಮೊನ್ನೆ ಕೋಡುಬಳೆ ಇಳೀಲಿಲ್ವಾ?"

ನಾನು ಡಬ್ಬಿ ತೆಗೆದುಕೊಂಡು ಬ್ಯಾಗಿಗೆ ಹಾಕಿದೆ. ಪಾಸ್‌ಪೋರ್ಟಿನ ವಿಚಾರಣೆಗೆ ಬಂದಿದ್ದ ಪೊಲೀಸಿನವರೂ ಹೆಚ್ಚುಕಮ್ಮಿ ಅತ್ತಿಗೆಯ ಹಾಗೇ ಕೇಳಿದ್ದರು. "ಕಥೆ ಓದಾಕೆ ಅಲ್ಲೀಗಂಟ ಓಗ್ಬೇಕಾ ಮೇಡಂ? ಇಲ್ಲೇ ಓದುದ್ರೆ ಆಗಕಿಲ್ವಾ?" ಇಲ್ಲಿಯೂ ಓದುವುದಿಲ್ಲ, ಅಲ್ಲಿಯೂ ಓದುವುದಿಲ್ಲ ಎಂದು ಹೇಳುವುದು ಹೇಗೆ? ಕಾಫಿ ಕೊಟ್ಟು ಕಳಿಸಿದೆ.

ಕೋಟಿನ ವಿಷಯ ಹೇಳಲೇಬೇಕು. ನಮ್ಮ ಬೀದಿಯಲ್ಲಿ ಯಾರೇ ಚಳಿದೇಶಕ್ಕೆ ಹೋದರೂ ಒಂದೇ ಕೋಟು ಹೋಗುತ್ತದೆ. ವಿ.ಸಿ. ಫಾರಂನ ಕೃಷಿ ಸಂಶೋಧನಾ ಕೇಂದ್ರದಲ್ಲಿ ಭತ್ತದ ತಳಿ ನೋಡಿಕೊಂಡಿದ್ದ ಎದುರುಮನೆಯ ಯಜಮಾನರದು ಅದು. ಅವರು ಯಾವುದೋ ಕಾಲದಲ್ಲಿ ತರಬೇತಿಗೆಂದು ಹೋದಾಗ ಕೊಂಡದ್ದು. ಆಮೇಲೆ ಮಗಳ ಬಾಣಂತನಕ್ಕೆ ಹೋದವರು, ಪ್ಯಾಕೇಜ್ ಟೂರಿಗೆ ಹೋದವರು ಎಲ್ಲರೂ ಅದನ್ನೇ ತೊಟ್ಟು, ಹೋದ ಊರುಗಳಲ್ಲೆಲ್ಲ ಅದೇ ಕೋಟಿನಲ್ಲಿ ಫೋಟೋ ತೆಗೆಸಿಕೊಂಡಿದ್ದಾರೆ. ನನ್ನ ಅಳತೆಗೆ ಅದು ಮೊಣಕಾಲು ದಾಟುತ್ತಿತ್ತು, ತೋಳಿನಿಂದ ಬೆರಳು ಹೊರಗೆ ಬರುತ್ತಿರಲಿಲ್ಲ. ಎಡಗಡೆಯ ಜೇಬಿನಲ್ಲಿ ನಾಲ್ಕು ಭತ್ತದ ಕಾಳು ಇದ್ದವು. ಯಜಮಾನರು ಮರೆತದ್ದೋ, ಬೇಕೆಂದೇ ಇಟ್ಟದ್ದೋ ಗೊತ್ತಿಲ್ಲ. ಇರಲಿ ಎಂದು ನಾನೂ ಹಾಗೇ ಬಿಟ್ಟೆ.

ವಿಮಾನದ ಬಗ್ಗೆ ಹೊಸದೇನೂ ಹೇಳಲಾರೆ. ಎಲ್ಲರೂ ಹೆದರುವ ಹಾಗೆ ಹೆದರಿದೆ, ಎಲ್ಲರೂ ನೋಡುವ ಹಾಗೆ ಕಿಟಕಿಯಿಂದ ಮೋಡ ನೋಡಿದೆ, ಪಕ್ಕದವರು ಸೀಟಿನ ಪಟ್ಟಿ ಹೇಗೆ ಬಿಚ್ಚುತ್ತಾರೆಂದು ನೋಡಿ ನಾನೂ ಬಿಚ್ಚಿದೆ. ನಿಜವಾದ ಕಷ್ಟ ಶುರುವಾದದ್ದು ಇಳಿದ ಮೇಲೆ. ಮೊಯ್ರಾ ನನ್ನ ಹೆಸರಿನ ಬೋರ್ಡು ಹಿಡಿದು ನಿಂತಿದ್ದರು. ಅರುವತ್ತೈದರ ಮೇಲಿನ, ಗಿಡ್ಡನೆಯ, ಕೆಂಪು ಕೆನ್ನೆಯ ಹೆಂಗಸು. ಆ ಜನಜಂಗುಳಿಯಲ್ಲಿ ನನ್ನ ಹೆಸರು ಕಂಡ ಸಂತೋಷಕ್ಕೆ ಎಂದೂ ಇಲ್ಲದ ಗಟ್ಟಿ ದನಿಯಲ್ಲಿ ನಮಸ್ಕಾರ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಸುಳ್ಳು ನೆನಪಾಯಿತು. ಕತ್ತು ಹಿಡಿದುಕೊಂಡು ಪಿಸುಗುಟ್ಟಿದೆ. ಆಕೆ ನನ್ನ ಕೈಹಿಡಿದು, ಕಣ್ಣಲ್ಲೇ ಅಯ್ಯೋ ಎಂದು, ತಾವೂ ಪಿಸುಗುಟ್ಟಿದರು.

ನೀವು ಗಮನಿಸಿದ್ದೀರೋ ಇಲ್ಲವೋ, ಒಬ್ಬರು ಪಿಸುಗುಟ್ಟಿದರೆ ಎದುರಿನವರೂ ತಮಗೆ ಗೊತ್ತಿಲ್ಲದೆಯೇ ಪಿಸುಗುಟ್ಟುತ್ತಾರೆ. ನಾಲ್ಕು ದಿನ ಆ ಊರಿನಲ್ಲಿ ನಾನು ಹೋದಲ್ಲೆಲ್ಲ ಜನ ಪಿಸುಗುಟ್ಟಿದರು. ಊಟದ ಮೇಜಿನಲ್ಲಿ ಉಪ್ಪಿನ ಡಬ್ಬಿ ಕೊಡಿ ಅನ್ನುವುದನ್ನೂ ಗುಟ್ಟಿನ ಹಾಗೆ ಹೇಳಿದರು. ಬೇರೆ ದೇಶದಿಂದ ಬಂದಿದ್ದ ದೊಡ್ಡ ಗಡ್ಡದ ಕವಿಯೊಬ್ಬರು ನನ್ನ ಪಕ್ಕಕ್ಕೆ ಬಂದು, ನಮ್ಮೂರಿನಲ್ಲಿ ಎಷ್ಟು ಮಳೆಯಾಗುತ್ತದೆಂದು ಕಿವಿಯಲ್ಲಿ ಕೇಳಿದರು. ನಾನು ತಂಗಿದ್ದದ್ದು ಮೊಯ್ರಾ ಅವರ ಮನೆಯಲ್ಲಿ. ದಿನಾ ಬೆಳಿಗ್ಗೆ ಏಳಕ್ಕೆ ಬಾಗಿಲು ಮೆಲ್ಲಗೆ ತಟ್ಟಿ, ಬಿಸಿನೀರು, ನಿಂಬೆಹಣ್ಣು, ಜೇನುತುಪ್ಪ ಇಟ್ಟ ತಟ್ಟೆ ತರುತ್ತಿದ್ದರು. ಎರಡನೆಯ ದಿನ ಕತ್ತಿಗೆ ಸುತ್ತಿಕೊಳ್ಳಲು ಉಣ್ಣೆಯ ಪಟ್ಟಿ ತಂದರು, ತಾವೇ ಹೆಣೆದದ್ದು. ಬಿಸಿನೀರು ಕುಡಿಯುವಾಗ ನನಗೆ ನಾಚಿಕೆಯಿಂದ ಕಿವಿ ಸುಡುತ್ತಿತ್ತು. ಸುಳ್ಳು ಹೇಳಿ ಬೈಸಿಕೊಳ್ಳುವುದು ಸುಲಭ. ಸುಳ್ಳು ಹೇಳಿ ಆರೈಕೆ ಮಾಡಿಸಿಕೊಳ್ಳುವುದು ಬಹಳ ಕಷ್ಟ.

ಮೂರನೆಯ ದಿನ ಆ ಗಡ್ಡದ ಕವಿ ಓದಿದರು. ನನಗೆ ಅವರ ಭಾಷೆಯ ಒಂದು ಅಕ್ಷರ ಗೊತ್ತಿರಲಿಲ್ಲ. ಆದರೂ ಅದು ಉರುಳುವ ರೀತಿ, ಒಂದು ಕಡೆ ನಿಂತು ಮತ್ತೆ ಹೊರಡುವ ರೀತಿ ಕೇಳುತ್ತಾ ಕೇಳುತ್ತಾ ನನಗೆ ಹೊಟ್ಟೆಕಿಚ್ಚು ಹತ್ತಿತು. ಹೌದು, ಹೊಟ್ಟೆಕಿಚ್ಚೇ. ನಾಳೆ ನನ್ನ ಸರದಿ, ನನ್ನ ಭಾಷೆಯ ಒಂದು ಉಸಿರೂ ಇಲ್ಲಿ ಯಾರಿಗೂ ಕೇಳಿಸುವುದಿಲ್ಲ. ನಮ್ಮೂರಿನ ಮಾತು ಇಷ್ಟು ದೂರ ಬಂದು, ನನ್ನ ಬ್ಯಾಗಿನೊಳಗೇ ಕೂತಿದ್ದು ವಾಪಸು ಹೋಗುತ್ತದೆ. ಅತ್ತಿಗೆ ಹೇಳಿದ್ದೇ ಸರಿ. ಹೀಗೆಲ್ಲ ಅನಿಸಿತು. ಅನಿಸಿದರೆ ಏನು ಬಂತು, ಈಗ ಎದ್ದು ಹೋಗಿ ನನ್ನ ಗಂಟಲು ನೆಟ್ಟಗಿದೆ ಎಂದು ಹೇಳಲು ಮುಖ ಇರಲಿಲ್ಲ. ಹೇಳಿದರೂ, ಎದ್ದು ನಿಂತಾಗ ದನಿ ಬರುತ್ತದೆಂಬ ಧೈರ್ಯವೂ ಇರಲಿಲ್ಲ.

ನಾಲ್ಕನೆಯ ದಿನ ಬೆಳಿಗ್ಗೆಯಿಂದ ಸಮುದ್ರದ ಕಡೆಯಿಂದ ಗಾಳಿ. ಗಾಳಿ ಅಂದರೆ ನಮ್ಮ ಆಷಾಢದ ಗಾಳಿ ಅಲ್ಲ, ಮನುಷ್ಯರನ್ನು ಓರೆಯಾಗಿ ನಡೆಸುವ ಗಾಳಿ. ಅಷ್ಟಾದರೂ ನಾಲ್ಕು ಗಂಟೆಗೆ ಸಭಾಂಗಣ ತುಂಬಿತ್ತು. ಒದ್ದೆ ಕೋಟು, ದಪ್ಪ ಬೂಟು ತೊಟ್ಟ ಮುದುಕರು ಮುದುಕಿಯರೇ ಹೆಚ್ಚು. ಚಳಿಗಾಲದಲ್ಲಿ ಅಲ್ಲಿ ನಾಲ್ಕಕ್ಕೆಲ್ಲ ಹೊರಗೆ ಕಪ್ಪಾಗಿಬಿಡುತ್ತದೆ. ನಾನು ವೇದಿಕೆಯ ಮೇಲೆ ಮೊಯ್ರಾ ಪಕ್ಕದಲ್ಲಿ ಕತ್ತಿಗೆ ಪಟ್ಟಿ ಸುತ್ತಿಕೊಂಡು ಕೂತಿದ್ದೆ. ಇವರಿಗೆ ಗಂಟಲು ಬೇನೆ, ಓದಲಾರರು ಎಂದು ಮೊಯ್ರಾ ಸಭೆಗೆ ಹೇಳಿದರು. ಎಲ್ಲರೂ ಕನಿಕರದಿಂದ ನನ್ನ ಕತ್ತಿನ ಕಡೆ ನೋಡಿದರು. ಆಕೆ ಓದಲು ಶುರುಮಾಡಿ ಒಂದೂವರೆ ಪುಟ ಆಗಿರಬೇಕು, ಢಗ್ ಎಂದು ಕರೆಂಟು ಹೋಯಿತು. ದೀಪ, ಮೈಕು ಎರಡೂ ಇಲ್ಲ. ಗಾಳಿಗೆ ಎಲ್ಲಿಯೋ ಕಂಬ ಬಿದ್ದಿತ್ತಂತೆ. ನಮ್ಮನೆಯವರು ಮೂವತ್ತು ವರ್ಷ ಕರೆಂಟು ಇಲಾಖೆಯಲ್ಲಿ ಲೈನು ನೋಡಿಕೊಂಡಿದ್ದವರು. ಅಲ್ಲಿಯೂ ಕರೆಂಟು ಹೋಗುತ್ತದೆಂದು ಆಮೇಲೆ ನಾನು ಹೇಳಿದಾಗ ಅವರ ಮುಖದಲ್ಲಿ ಕಂಡ ತೃಪ್ತಿಯನ್ನು ನೀವು ನೋಡಬೇಕಿತ್ತು.

ಮೊಯ್ರಾ ಎದೆಗುಂದಲಿಲ್ಲ. ಯಾರೋ ಮೊಬೈಲಿನ ಬೆಳಕು ಹಿಡಿದರು, ಆಕೆ ಓದು ಮುಂದುವರಿಸಿದರು. ಆದರೆ ತಗಡಿನ ಮಾಡಿನ ಮೇಲೆ ಗಾಳಿಯ ಹೊಡೆತ. ಆಕೆಯ ದನಿ ಎರಡನೆಯ ಸಾಲು ದಾಟುತ್ತಿರಲಿಲ್ಲ. ಕಥೆ ಆ ಹೆಂಗಸು ಏರಿಯ ಮೇಲೆ ನಿಂತು ಕೂಗುವ ಜಾಗಕ್ಕೆ ಬಂದಿತ್ತು. ಅಷ್ಟು ಹೊತ್ತಿಗೆ ಹಿಂದಿನ ಕತ್ತಲೆಯಿಂದ ಒಂದು ಗಡಸು ಗಂಡಸು ದನಿ ಎದ್ದಿತು, ಕೇಳಿಸುತ್ತಿಲ್ಲ ಎಂದು.

ಅದು ಇಂಗ್ಲಿಷಿನಲ್ಲಿತ್ತು, ಅದೂ ನನಗೆ ಅರ್ಧಂಬರ್ಧ ತಿಳಿಯುವ ಆ ಕಡೆಯ ಇಂಗ್ಲಿಷು. ಆದರೆ ದನಿಯ ಒರಟು ಪೂರ್ತಿ ನಮ್ಮದು. ಮಂಡ್ಯದ ಹಿಂದಿನ ಸಾಲೇ ಎದ್ದು ಬಂದ ಹಾಗಿತ್ತು. ನನ್ನ ಕೈ ಕತ್ತಿನ ಪಟ್ಟಿಗೆ ಹೋಯಿತು. 

ಇಲ್ಲಿ ನಿಮ್ಮನ್ನು ಒಂದು ಗಳಿಗೆ ನಿಲ್ಲಿಸಿ, ನಲವತ್ತು ವರ್ಷ ಹಿಂದಕ್ಕೆ ನಮ್ಮ ಗದ್ದೆಗೆ ಕರೆದುಕೊಂಡು ಹೋಗಬೇಕು. ನಾಲೆಯಿಂದ ನೀರು ಬಿಡುವ ತೂಬು ಒಂದು ಕಡೆ, ನಮ್ಮ ಗದ್ದೆ ಅದರಿಂದ ಎರಡು ಫರ್ಲಾಂಗು ಈಚೆ. ನಮ್ಮ ಸರದಿ ಬಂದ ದಿನ ಅಪ್ಪ ತೂಬಿನ ಹತ್ತಿರ ಸನಿಕೆ ಹಿಡಿದು ನಿಲ್ಲುತ್ತಿದ್ದರು, ನಾನು ಗದ್ದೆಯ ಬದುವಿನ ಮೇಲೆ. ಕೊನೆಯ ಪಾತಿ ತುಂಬಿದ ಕೂಡಲೇ ನಾನು ಕೂಗಬೇಕು, ಅಪ್ಪ ಅಲ್ಲಿ ಮಣ್ಣು ಎಳೆದು ಕಾಲುವೆಯ ಬಾಯಿ ಮುಚ್ಚಬೇಕು. ಅದಕ್ಕೆ ನಾವು ಮಡೆ ಕಟ್ಟುವುದು ಅನ್ನುತ್ತೇವೆ. ಕೂಗು ಮುಟ್ಟದಿದ್ದರೆ ನೀರು ಉಕ್ಕಿ ಕೆಳಗಿನ ಗದ್ದೆಯವರ ಪೈರು ಕೊಚ್ಚಿಕೊಂಡು ಹೋಗುತ್ತಿತ್ತು, ಆಮೇಲೆ ಜಗಳ. ಈಗ ಎಲ್ಲರೂ ಒಂದು ಮಿಸ್ಡ್ ಕಾಲ್ ಕೊಡುತ್ತಾರೆ. ಆಗ ನಮ್ಮನೆಯ ಮಿಸ್ಡ್ ಕಾಲ್ ನಾನು. ಅಣ್ಣನಿಗೆ ಉಳುವುದನ್ನು ಕಲಿಸಿದಷ್ಟೇ ಶ್ರದ್ಧೆಯಿಂದ ಅಪ್ಪ ನನಗೆ ಕೂಗುವುದನ್ನು ಕಲಿಸಿದ್ದರು. "ಗಂಟ್ಲಿಂದ ಕೂಗ್ಬ್ಯಾಡ ಕಣವ್ವ, ಒಟ್ಟೆಯಿಂದ ಕೂಗು. ಗಾಳಿ ಎದ್ರಾದ್ರೆ ಮಾತ ಚಿಕ್ಕದ್ ಮಾಡು, ಉಸ್ರ ದೊಡ್ದ್ ಮಾಡು." ನನ್ನ ಕೂಗು ಮುಟ್ಟಿತು ಎಂದು ತಿಳಿಸಲು ಅವರು ಆ ಕಡೆಯಿಂದ "ಓ…" ಅನ್ನುತ್ತಿದ್ದರು. ಆ ಓ ಕೇಳುವ ತನಕ ನಾನು ಕೂಗುತ್ತಲೇ ಇರಬೇಕು. ಅದು ಕರಾರು.

ಆಮೇಲೆ ಮೈಸೂರಿನ ಹಾಸ್ಟೆಲಿಗೆ ಹೋದೆ. ಮೊದಲ ದಿನವೇ ಊಟದ ಹಾಲಿನ ಈ ತುದಿಯಿಂದ ಆ ತುದಿಯಲ್ಲಿದ್ದ ನಮ್ಮ ಕಡೆಯ ಹುಡುಗಿಯನ್ನು ಹೆಸರು ಹಿಡಿದು ಕೂಗಿದೆ. ಎಲ್ಲರ ತಟ್ಟೆಯ ಸದ್ದೂ ನಿಂತಿತು. ವಾರ್ಡನ್ ಬಂದು, "ಇದೇನು ಗದ್ದೆ ಬಯಲೇನಮ್ಮ?" ಎಂದರು. ಎಲ್ಲರೂ ನಕ್ಕರು. ಅಷ್ಟೇ, ಬೇರೆ ಏನೂ ಆಗಲಿಲ್ಲ. ಅವತ್ತು ಒಳಕ್ಕೆ ಎಳೆದುಕೊಂಡ ದನಿ ಮೂವತ್ತಮೂರು ವರ್ಷ ಹೊರಗೆ ಬರಲಿಲ್ಲ. ಅಪ್ಪ ತೀರಿಕೊಂಡ ವರ್ಷ ನಾನು ಈ ಕಥೆ ಬರೆದೆ. ಮಗಳನ್ನು ಹೆಂಡತಿ ಮಾಡಿ ಬರೆದೆ, ಯಾರಿಗೂ ಗೊತ್ತಾಗದಿರಲಿ ಎಂದು. ಕಥೆಯಲ್ಲಿ ಆಕೆ ಮೂರು ಸಲ ಕೂಗುತ್ತಾಳೆ. "ಆ ಕಡೆಯಿಂದ ಯಾರೂ ಓಗೊಡಲಿಲ್ಲ" ಎಂಬುದು ನಾನು ಬರೆದ ವಾಕ್ಯ.

ಈಗ ವಾಪಸು ಬನ್ನಿ. ಕತ್ತಲೆ, ಗಾಳಿ, ಹಿಂದಿನವರಿಗೆ ಕೇಳಿಸುತ್ತಿಲ್ಲ. ನಾನು ಎದ್ದು ನಿಂತೆ. ಕತ್ತಿನ ಪಟ್ಟಿ ಬಿಚ್ಚಿ ಕುರ್ಚಿಯ ಮೇಲೆ ಹಾಕಿದೆ. ಹೀಗೆ ಮಾಡಬೇಕೆಂದು ಯೋಚಿಸಿ ಎದ್ದದ್ದಲ್ಲ. ನೀರು ಉಕ್ಕುತ್ತಿದೆ, ಕೂಗು ಮುಟ್ಟಬೇಕು, ಅಷ್ಟೇ ತಲೆಯಲ್ಲಿ ಇದ್ದದ್ದು. ಕಾಲು ಅಗಲಿಸಿ ನಿಂತು, ಹೊಟ್ಟೆ ತುಂಬ ಉಸಿರು ಎಳೆದುಕೊಂಡು ಕೂಗಿದೆ.

"ತುಂಬ್ತು ಕಣಪ್ಪೋ…! ಮಡೆ ಕಟ್ಟಪ್ಪೋ…!"

ಪಕ್ಕದಲ್ಲಿದ್ದ ಮೊಯ್ರಾ ಬೆಚ್ಚಿ ಹಾಳೆಗಳನ್ನು ಕೆಳಕ್ಕೆ ಬೀಳಿಸಿದರು.  ನನ್ನ ದನಿ ಹಿಂದಿನ ಗೋಡೆಗೆ ತಾಗಿ ವಾಪಸು ಬಂದದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ಎಷ್ಟು ವರ್ಷವಾಗಿತ್ತು ಅದನ್ನು ಕೇಳಿ! ಎರಡನೆಯ ಸಲ ಕೂಗಿದೆ, ಗಾಳಿ ಜೋರಾಗಿದ್ದರಿಂದ ಮಾತು ಚಿಕ್ಕದು ಮಾಡಿ, ಉಸಿರು ದೊಡ್ಡದು ಮಾಡಿ. ಮೂರನೆಯ ಸಲ ಕೂಗಿ, ಕೊನೆಯ ಅಪ್ಪೋ ಇನ್ನೂ ಮುಗಿದಿರಲಿಲ್ಲ. ಹಿಂದಿನ ಕತ್ತಲೆಯಿಂದ, ಕೇಳಿಸುತ್ತಿಲ್ಲ ಎಂದಿದ್ದ ಅದೇ ಗಂಡಸು ದನಿ, ಎದೆ ಬಿಚ್ಚಿ ಉದ್ದಕ್ಕೆ "ಓ…" ಎಂದಿತು.

ನನಗೆ ಅಳು ಬಂತೆಂದು ಹೇಳಿದರೆ ನೀವು ಆಶ್ಚರ್ಯಪಡಬೇಕಿಲ್ಲ. ಆದರೆ ನಿಲ್ಲಲಿಲ್ಲ. ನನ್ನ ಪುಸ್ತಕ ತೆಗೆದು, ಮೊಬೈಲಿನ ಬೆಳಕು ನನ್ನ ಕಡೆ ತಿರುಗಿಸಿಕೊಂಡು, ಕಥೆಯನ್ನು ಮೊದಲಿನಿಂದ ಓದಿದೆ. ಒಂದು ಪುಟ ನಾನು, ಒಂದು ಪುಟ ಮೊಯ್ರಾ. ಈಗ ಅವರೂ ತರಗತಿಯ ದನಿ ತೆಗೆದಿದ್ದರು. ಹಾಸ್ಟೆಲಿನಲ್ಲಿ ಉಜ್ಜಿ ತೊಳೆದ ಉಚ್ಚಾರಣೆ ಇರಲಿಲ್ಲ. ಹಕಾರ ಬಿದ್ದರೆ ಬೀಳಲಿ ಎಂದು ನಮ್ಮೂರಿನ ಹೆಂಗಸರು ಮಾತಾಡುವ ಹಾಗೇ ಓದಿದೆ, ಅಲ್ಲಿ ಮೂಗು ಮುರಿಯುವವರು ಯಾರಿದ್ದರು? ಮೂರು ಕೂಗಿನ ಜಾಗ ಬಂದಾಗ ಈ ಸಲ ಓಗೊಟ್ಟದ್ದು ಇಡೀ ಸಭೆ. "ಯಾರೂ ಓಗೊಡಲಿಲ್ಲ" ಎಂಬ ವಾಕ್ಯವನ್ನು ಬಾಯಲ್ಲಿ ಹೇಳಲು ಆಗಲಿಲ್ಲ. ಬಿಟ್ಟು ಮುಂದೆ ಹೋದೆ. ಮೊಯ್ರಾ ಕೂಡ ಇಂಗ್ಲಿಷಿನಲ್ಲಿ ಅದನ್ನು ಬಿಟ್ಟರು. ಆ ದಿನ ಆ ಕಥೆಯ ಕೊನೆ ಬೇರೆಯಾಯಿತು. ಮುಂದಿನ ಮುದ್ರಣದಲ್ಲಿ ಏನು ಮಾಡಬೇಕೆಂದು ನನಗಿನ್ನೂ ತಿಳಿದಿಲ್ಲ.

ಮುಗಿದ ಮೇಲೆ ಆ ಗಂಡಸು ಮುಂದೆ ಬಂದರು. ಎಂಬತ್ತರ ಹತ್ತಿರದ ಎತ್ತರದ ಆಳು, ಕುರಿ ಸಾಕುವವರು. ಹೊಗಳಲಿಲ್ಲ ಏನಿಲ್ಲ. ನೇರವಾಗಿ, "ಅದು ಎಷ್ಟು ದೂರ ಹೋಗುತ್ತದೆ?" ಎಂದು ಕೇಳಿದರು.

"ಎರಡು ಫರ್ಲಾಂಗು. ಗಾಳಿ ಜೊತೆಗಿದ್ದರೆ ಮೂರು."

"ಗಾಳಿ ಎದುರಿದ್ದರೆ?"

ಅಪ್ಪ ಕಲಿಸಿದ್ದನ್ನು ಹೇಳಿದೆ. ಯೋಚಿಸಿ ತಲೆದೂಗಿದರು. ಅಂಥ ಹೊತ್ತಿನಲ್ಲಿ ತಾವು ಸಿಳ್ಳೆ ಹಾಕುವುದಾಗಿ ಹೇಳಿದರು. ನಾನು ಕೇಳಿದೆ, ಕಥೆ ಗೊತ್ತಿಲ್ಲದೆ ನೀವು ಓಗೊಟ್ಟದ್ದು ಯಾಕೆ? ಅವರಿಗೆ ಪ್ರಶ್ನೆಯೇ ಅರ್ಥವಾದ ಹಾಗೆ ಕಾಣಲಿಲ್ಲ. "ಕರೆಂಟು ಹೋದ ಮೇಲೆ ಓದಿದ್ದು ನನಗೆ ಒಂದಕ್ಷರವೂ ಕೇಳಿಸಿರಲಿಲ್ಲ. ಯಾರೋ ಕೂಗಿದರು, ಓ ಅನ್ನಬೇಕಲ್ಲ?" ಎಂದು ಟೋಪಿ ಹಾಕಿಕೊಂಡು ಗಾಳಿಗೆ ಹೊರಟರು.

ಮನೆಗೆ ಹೋಗುವಾಗ ಮೊಯ್ರಾ ಕಾರು ನಡೆಸುತ್ತಿದ್ದರು. ರಸ್ತೆಯ ಮೇಲಿಟ್ಟ ಕಣ್ಣು ತೆಗೆಯದೆ, "ನಾಳೆ ಬೆಳಿಗ್ಗೆ ಜೇನು ಬೇಕೇ?" ಎಂದರು. ನಾನು ತಪ್ಪೊಪ್ಪಿಕೊಂಡೆ, ಪೂರ್ತಿ ದನಿಯಲ್ಲಿ. ಆಕೆ ನಗುತ್ತಾ ಕಾರನ್ನು ಪಕ್ಕಕ್ಕೆ ನಿಲ್ಲಿಸಬೇಕಾಯಿತು. "ಮೊದಲ ರಾತ್ರಿಯೇ ನನಗೆ ಗೊತ್ತಾಗಿತ್ತು. ನೀವು ನಿದ್ದೆಯಲ್ಲಿ ಮಾತಾಡುತ್ತೀರಿ. ಗೋಡೆಯಾಚೆ ನನಗೆ ಎಚ್ಚರವಾಗುವಷ್ಟು ಜೋರಾಗಿ."

"ಮತ್ತೆ ಜೇನು ಯಾಕೆ ತಂದಿರಿ?"

"ಹೆದರಿಕೆಗೂ ಅದು ಒಳ್ಳೆಯದೇ."

ಹೊರಡುವ ದಿನ ಬಾಯಿ ತೆರೆಯದ ಹೊಸ ಬಾಟಲಿಯೊಂದನ್ನು ಕೊಟ್ಟರು. ಸೀರೆಯಲ್ಲಿ ಸುತ್ತಿ ತಂದೆ. ಊರಿಗೆ ಹೋಗಿ ಅತ್ತಿಗೆಗೆ ನಡೆದದ್ದನ್ನೆಲ್ಲ ಹೇಳಿದಾಗ, ಅವಳು ಕೇಳಿ ಮುಗಿಸಿ, "ಅಷ್ಟು ದೂರ ಓಗಿ ಮಡೆ ಕಟ್ಟು ಅಂತ ಕೂಗ್ಬುಟ್ಟು ಬಂದ್ಯಾ?" ಎಂದು ಒಳಗೆ ಹೋದಳು. ಅಡುಗೆಮನೆಯಲ್ಲಿ ಅಣ್ಣನಿಗೆ, "ನಿಮ್ ತಂಗಿ ಮಾವನ್ ಎಸ್ರು ಉಳ್ಸುದ್ಲು ಕಣಿ" ಅನ್ನುತ್ತಿದ್ದದ್ದು ನನಗೆ ಕೇಳಿಸಿತು. ಯಾವ ಸನ್ಮಾನಕ್ಕೂ ನಾನು ಅಷ್ಟು ಬೀಗಿರಲಿಲ್ಲ.

ಇದೆಲ್ಲ ಆಗಿ ಎರಡು ತಿಂಗಳಾಯಿತು. ನಿಜ ಹೇಳುತ್ತೇನೆ, ಬಂದ ಮೇಲೆ ಒಂದು ಅನುಮಾನ ನನ್ನನ್ನು ಕಾಡುತ್ತಲೇ ಇತ್ತು. ಅಲ್ಲಿ ನನ್ನನ್ನು ಬಲ್ಲವರು ಯಾರೂ ಇರಲಿಲ್ಲ, ಮಾತು ಅರ್ಥವಾಗುವವರೂ ಇರಲಿಲ್ಲ, ಕತ್ತಲೆ ಬೇರೆ. ಅಲ್ಲಿ ಕೂಗುವುದು ಏನು ಮಹಾ? ಇಲ್ಲಿ, ಹಗಲು ಹೊತ್ತಿನಲ್ಲಿ, ನಮ್ಮವರ ಮುಂದೆ? ಲೈಬ್ರರಿಯಲ್ಲಿ ಮತ್ತೆ ಅದೇ ಬೋರ್ಡಿನ ಕೆಳಗೆ ಕೂತಾಗ, ಮತ್ತೆ ಹಳೆಯ ದನಿಯೇ ಬಂತೇನೋ ಎಂದು ಭಯವಾಗುತ್ತಿತ್ತು.

ಇಷ್ಟು ಬರೆಯುವ ಹೊತ್ತಿಗೆ ಫೋನು ಬಂತು. ಮಳವಳ್ಳಿಯಿಂದ, ಅಲ್ಲಿಯ ಓದುಗರ ಬಳಗದವರು. ನಾನು ಮುಖ ನೋಡಿದವರಲ್ಲ. ಬರುವ ಭಾನುವಾರ ಒಂದು ಸಭೆ ಇಟ್ಟುಕೊಂಡಿದ್ದಾರಂತೆ. "ಮೇಡಂ, ನಿಮ್ಗೆ ಸಭೇಲಿ ಮಾತಾಡೋದು ಆಗಲ್ಲ ಅಂತ ಎಲ್ರೂ ಹೇಳಿದ್ರು. ನೀವೇನೂ ಮಾತಾಡ್ಬೇಕಾಗಿಲ್ಲ. ಸುಮ್ನೆ ಬಂದು ವೇದಿಕೆ ಮೇಲೆ ಕೂತಿದ್ರೆ ಸಾಕು" ಎಂದರು, ಬಹಳ ಮರ್ಯಾದೆಯಿಂದ.

ನೆಂಟರು ಬಂದಿದ್ದಾರೆ ಎನ್ನುವುದು ನಾಲಿಗೆಯ ತುದಿಗೆ ಬಂದಿತ್ತು. ಉಸಿರು ಎಳೆದುಕೊಂಡೆ, ಹೊಟ್ಟೆಯ ತನಕ.

"ಬರೀ ಕೂತ್ಕಳಕ್ಕೆ ಮಳವಳ್ಳಿಗಂಟ ಯಾಕಪ್ಪ ಬರ್ಲಿ? ಮಾತಾಡ್ತೀನಿ. ಒಂದು ಕಥೇನೂ ಓದ್ತೀನಿ. ಮುಕ್ಕಾಲು ಗಂಟೆ ಅಂತ ಬರ್ಕೊ."

ಆ ಕಡೆ ಪೆನ್ನು ಹುಡುಕುವ ಸದ್ದು. ಆಮೇಲೆ, "ಆಯ್ತು ಕಣಮ್ಮ, ಬರ್ಕೊಂಡೆ" ಎಂದರು. ಅವರ ಬಾಯಿಂದಲೂ ಮೇಡಂ ಹೋಗಿ ಅಮ್ಮ ಬಂದಿತ್ತು.

ಫೋನು ಇಟ್ಟೆ. ನಮ್ಮನೆಯವರು ಒಳಗಿನಿಂದ ಗಾಬರಿಯಲ್ಲಿ ಬಂದು ಬಾಗಿಲಲ್ಲಿ ನಿಂತಿದ್ದರು. "ಏನೇ ಇದು, ಸ್ವಲ್ಪ ಮೆಲ್ಲಗೆ ಮಾತಾಡು. ಬೀದಿಗೆಲ್ಲ ಕೇಳಿಸ್ತಾ ಇದೆ" ಎಂದರು.

"ಕೇಳುಸ್ಲಿ ಬುಡಿ" ಎಂದೆ.